ಹಿಂತಿರುಗದವರ ಪಟ್ಟಿ

ಫಾನ್ ಕನ್ ನನ್ನ ಕಿಟಕಿಯ ಮುಂದೆ ನಿಂತಿದ್ದಾನೆ.
ಮೊಣಕಾಲತನಕ ಮಡಚಿದ ಪ್ಯಾಂಟು, ಹಿಮ್ಮಡಿಗೆ ಮೀನಿನ ಹುರುಪೆ,
ತುಟಿಯಲ್ಲಿ ಹೊತ್ತಿಸದ ಸಿಗರೇಟು.
ಪರದೆ ಹೇಳುತ್ತಿದೆ:
ಫಾನ್ ಕನ್ ಇನ್ನೂ ಸಮುದ್ರದಲ್ಲಿದ್ದಾನೆ.

"ಹಾಗಾದರೆ ನಾನ್ಯಾರು?" ಅಂದ.
ಸಾಲಿನಲ್ಲಿದ್ದವರು ನಕ್ಕರು.
ಬಿರುಗಾಳಿ ಬಂದುಹೋದ ಮೂರನೆಯ ದಿನ
ಸಾ ಕೀ ಬಂದರಿನಲ್ಲಿ ಅದೇ ಮೊದಲ ನಗು.

ಎರಡು ಪಟ್ಟಿ. ಹೊರಟವರದ್ದು ನಾನು ಟೈಪು ಮಾಡಿದ್ದು,
ಮರಳಿದವರದ್ದು ರೇಡಿಯೋ ಕೋಣೆಯ ಖೊಯ್,
ತನ್ನ ಅಕ್ಕನ ಹಳೆಯ ಲ್ಯಾಪ್‌ಟಾಪಿನಲ್ಲಿ.
ಒಂದರಲ್ಲಿ ಇನ್ನೊಂದನ್ನು ಕಳೆದರೆ ಉಳಿಯುವುದು
ಯಾರಿಗೂ ಬೇಡದ ಶೇಷ.
ಕಳೆಯುವ ಪ್ರೋಗ್ರಾಮು ನನ್ನದೇ, ಇಪ್ಪತ್ತೆರಡು ಸಾಲು.
ಹದಿನಾಲ್ಕು ಹೆಸರು ಉಳಿದಿವೆ,
ಅದರಲ್ಲೊಬ್ಬ ನನ್ನ ಹತ್ತಿರ ಬೆಂಕಿಪೊಟ್ಟಣ ಕೇಳುತ್ತಿದ್ದಾನೆ.

ಮೊದಲು ಬಾಲ ನೋಡಿದೆ.
ಹೆಸರಿನ ತುದಿಗೆ ಒಂದು ಖಾಲಿ ಜಾಗ ಅಂಟಿಕೊಂಡಿರುತ್ತದೆ,
ತೊಳೆದಿಟ್ಟ ಲೋಟದ ತಳದ ನೀರಿನ ಹಾಗೆ.
ಟ್ರಿಮ್ ಮಾಡಿದೆ. ಐವರು ದಡ ಸೇರಿದರು.

ಆಮೇಲೆ ಉದ್ದ ಹೆಸರಿನವರು.
ನಮ್ಮ ಹಳೆಯ ಕಾಲಮ್ಮು ಇಪ್ಪತ್ತು ಬೈಟಿಗೆ ಕತ್ತರಿ ಹಾಕುತ್ತದೆ,
ಅಕ್ಷರ ಎಣಿಸುವ ಗೋಜಿಗೇ ಹೋಗುವುದಿಲ್ಲ.
ಮೂರು ಬೈಟಿನ ಅಕ್ಷರ ಸೊಂಟದಲ್ಲಿ ತುಂಡಾಗಿ
ಕಪ್ಪು ಚೌಕದೊಳಗೊಂದು ಪ್ರಶ್ನಾರ್ಥಕ.
ಕಾಗದದ ರಿಜಿಸ್ಟರು ನೋಡಿ ಒಂದೊಂದೇ ಹೊಲಿದೆ.
ಮೂವರು.

ಉಳಿದ ಆರರಲ್ಲಿ ಇವನದು ಮೊದಲನೆಯದು.
ಎರಡೂ ಪಟ್ಟಿಯಲ್ಲಿದೆ! ಪಕ್ಕಪಕ್ಕ ಇಟ್ಟೆ,
ಸಮವೇ ಎಂದು ಕೇಳಿದೆ.
ಅಲ್ಲ, ಅಂದಿತು ಯಂತ್ರ,
ಕೋರ್ಟಿನಲ್ಲಿ ಎದುರಾದ ದಾಯಾದಿಯ ಹಾಗೆ ಮುಖ ತಿರುಗಿಸಿ.

ಡಾ ನಾಂಗ್‌ನ ಥಾಕ್ ಅಣ್ಣನಿಗೆ ಫೋನು ಹಚ್ಚಿದೆ.
"ಚಿಹ್ನೆಗಳನ್ನೆಲ್ಲ ಬೋಳಿಸಿಬಿಡು, ಬರೀ ಅಕ್ಷರ ಹೋಲಿಸು,
ನಾವೆಲ್ಲ ಹಾಗೇ ಮಾಡೋದು."
ಬೋಳಿಸಿದೆ. ಓಡಿಸಿದೆ.
ಸೊನ್ನೆ.
ಪಟ್ಟಿ ಖಾಲಿ. ಎಲ್ಲರೂ ಮನೆಗೆ ಬಂದಿದ್ದಾರೆ!
ಕುರ್ಚಿ ಹಿಂದೆ ತಳ್ಳಿ ಎದ್ದವಳು
ಸಾಲಿಗೆ ಕೂಗಿ ಹೇಳುವಷ್ಟರಲ್ಲಿ
ಬಾಯಿ ಅಲ್ಲೇ ನಿಂತಿತು.

ನಮ್ಮ ಭಾಷೆ ಬೋಳಿಸುವ ಭಾಷೆಯಲ್ಲ.
ಟೋಪಿಯ ಮೇಲೆ ಕೊಕ್ಕೆಯಿದ್ದರೆ ಜಾಗರೂಕ,
ಕೊಕ್ಕೆ ಕಳಚಿದರೆ ತಕ್ಕಡಿ,
ಟೋಪಿ ಬೋರಲು ಹಾಕಿ ಗೀಟೆಳೆದರೆ ಕಚ್ಚು,
ಎಲ್ಲ ತೆಗೆದು ಕೆಳಗೊಂದು ಚುಕ್ಕೆಯಿಟ್ಟರೆ ಬತ್ತಿಹೋದದ್ದು.
ಟೋಪಿಯ ಮೇಲಿನ ಗೀಟು ಎಡದಿಂದ ಇಳಿದರೆ ದುಡಿಮೆಗಾರ:
ಅವನೂ ಫಾನ್, ಅವನೂ ಇದೇ ಓಣಿಯವನು.
ಬೇರೆ ಲಿಪಿಯಲ್ಲಿ ಬರೆದರೆ ಅವನೂ ಕನ್.
ಕೂಗಿ ಕರೆದರೆ ಮಾತ್ರ ಗೊತ್ತಾಗುತ್ತದೆ,
ಒಬ್ಬನ ಹೆಸರು ಇಳಿದು ಮತ್ತೆ ಏಳುತ್ತದೆ,
ಇನ್ನೊಬ್ಬನದು ಇಳಿಯುತ್ತದೆ, ಅಷ್ಟೆ.

ಬೋಳಿಸಿದ್ದನ್ನು ವಾಪಸು ತೆಗೆದೆ.
ನನ್ನ ಕಡೆ ಆ ಅಕ್ಷರ ಒಂದೇ ಎರಕ.
ಖೊಯ್ ಕಡೆ ಅದು ಮೂರು ಬಿಡಿ ಸಾಮಾನು:
ಅಕ್ಷರ, ಅದರ ಮೇಲೆ ಟೋಪಿ, ಟೋಪಿಯ ಮೇಲೆ ಕೊಕ್ಕೆ.
ನೋಟಕ್ಕೆ ಒಂದು, ಎಣಿಕೆಗೆ ಮೂರು.
ಹೋಲಿಸುವ ಮೊದಲು ಎರಡನ್ನೂ ಒಂದೇ ಅಚ್ಚಿಗೆ ಸುರಿಯಬೇಕು,
ನಾರ್ಮಲೈಸ್. ಒಂದು ಸಾಲಿನ ಕೆಲಸ.
ಇಪ್ಪತ್ಮೂರನೆಯ ಸಾಲು.

ಐವರು ಬಂದರು, ಜಾಗರೂಕ ಫಾನ್ ಕನ್ ಕೂಡ.
ಅವನ ಡೀಸೆಲ್ ಚೀಟಿಗೆ ಮೊಹರು ಒತ್ತಿದೆ.

ಒಂದು ಹೆಸರು ಹೋಗಲಿಲ್ಲ.
ಮತ್ತೆ ಓಡಿಸಿದೆ. ಬೈಟು ಬೈಟು ಬಿಡಿಸಿ ನೋಡಿದೆ.
ನನ್ನ ಪ್ರೋಗ್ರಾಮಿನಲ್ಲಿ ತಪ್ಪಿರಲಿ ಎಂದು
ಹುಟ್ಟಿದಮೇಲೆ ಮೊದಲ ಸಲ ಬೇಡಿಕೊಂಡೆ.
ಬಾಲದಲ್ಲಿ ಜಾಗವಿಲ್ಲ. ಎಲ್ಲೂ ತುಂಡಾಗಿಲ್ಲ.
ಗೀಟು ಎಡದಿಂದ ಇಳಿದಿದೆ, ಸರಿಯಾಗಿಯೇ.

ಗಾಜಿನಾಚೆಯಿಂದ ಅವನು ತಲೆಕೆಳಗಾಗಿ ಓದಿಕೊಂಡ.
ಸಿಗರೇಟನ್ನು ಕಿವಿಗೆ ಸಿಕ್ಕಿಸಿದ.
"ದೋಣಿ ನೀಲಿ ಅಂತ ಬರಿ."
ಇಲ್ಲಿ ಎಲ್ಲರದ್ದೂ ನೀಲಿಯೇ, ಅಂದೆ.
"ಅಂಚು ಹಸಿರು. ಹೋದ ತಿಂಗಳು ನಾನೇ ಬಳಿದದ್ದು.
ಅದಕ್ಕೆ ಕಾಲಮ್ಮು ಉಂಟಾ?"

ಇರಲಿಲ್ಲ.
ಸೇರಿಸಿದೆ.