ಕಲ್ಬಾದ ಕಿವಿ

ಶಾರ್ಜಾದಿಂದ ಮೂರೂವರೆಗೆ ಬಿಟ್ಟರೆ
ಗುಡ್ಡ ಕೊರೆದ ಸುರಂಗ ದಾಟಿ
ಐದಕ್ಕೆ ಕಲ್ಬಾ.
ಹಿಂದಿನ ಸೀಟುಗಳಲ್ಲಿ ಆರು ಜನ, ಹನ್ನೊಂದು ಲೆನ್ಸು,
ಮಡಿಲಲ್ಲಿ ಕೂಸಿನ ಹಾಗೆ.
ನಾನು ಹುಸೇನಪ್ಪ, ಸಿಂಧನೂರು ಕಡೆಯವ,
ವ್ಯಾನಿನ ಡ್ರೈವರು.
ನಾಕು ವರ್ಷದಿಂದ ಹಕ್ಕಿ ನೋಡುವವರನ್ನು ತಂದು ಇಳಿಸುತ್ತೇನೆ.
ಹಕ್ಕಿ ನೋಡಿಲ್ಲ.

ದಡದಲ್ಲಿ ಖಲ್ಫಾನ್ ನಿಂತಿರುತ್ತಾನೆ,
ಕಂದೂರ ಮೊಳಕಾಲ ಮೇಲೆ ಕಟ್ಟಿ, ಬರಿಗಾಲಲ್ಲಿ.
ಎಡಗಣ್ಣಿಗೆ ಪೊರೆ. ಕೊರಳಲ್ಲಿ ದುರ್ಬೀನಿಲ್ಲ.
ಕಂಪನಿಯವರು ಕೊಟ್ಟದ್ದನ್ನು ಮೊಮ್ಮಗಳಿಗೆ ಕೊಟ್ಟನಂತೆ,
ಚಂದ್ರನ್ನ ನೋಡಲಿಕ್ಕೆ.

ಮೊದಲು ಒಂದೊಂದು ಎಲೆ ಕಿತ್ತು ಎಲ್ಲರಿಗೂ ನೆಕ್ಕಿಸುತ್ತಾನೆ:
ಉಪ್ಪು.
'ಈ ಮರ ಸಮುದ್ರ ಕುಡಿದು ಬೆವರುತ್ತದೆ.'
ಕೆಸರಿಂದ ಮೇಲೆದ್ದು ನಿಂತ ಬೇರುಗಳು,
ಯಾರೋ ಸಾವಿರ ಪೆನ್ಸಿಲು ನೆಟ್ಟು ಮರೆತಂತೆ.
ಏಡಿ ಬಿಲದ ಬಾಯಿ ನೋಡಿ
ನೀರು ಯಾವಾಗ ಇಳಿದೀತು ಅನ್ನುತ್ತಾನೆ.
ಆರೂ ಜನ ಫೋನಿನಲ್ಲಿ ತಾಳೆ ನೋಡಿ
ಸುಮ್ಮನಾಗುತ್ತಾರೆ.

ಆವತ್ತು ಅವರಿಗೆ ಒಂದೇ ಹಕ್ಕಿ ಬೇಕಿತ್ತು.
ಬಿಳಿ ಕೊರಳಪಟ್ಟಿ, ನೀಲಿ ಹಸಿರಿನ ಬೆನ್ನು,
ಈ ಕಾಂಡ್ಲದ ಕಾಡು ಬಿಟ್ಟರೆ
ಹತ್ತಿರದಲ್ಲೆಲ್ಲೂ ಮನೆ ಇಲ್ಲದ್ದು.
ಒಂದು ತಾಸು. ಎರಡು ತಾಸು. ಬಿಸಿಲು ಚುರುಕಾಯಿತು.
ಮಧ್ಯಾಹ್ನಕ್ಕೆ ಅವರಿಗೆ ವಿಮಾನ.
ಅವರಲ್ಲೊಬ್ಬ ಫೋನು ತೆಗೆದು
ಅದೇ ಹಕ್ಕಿಯ ಕೂಗು ಹಚ್ಚಿದ:
ಕೆಕ್ ಕೆಕ್ ಕೆಕ್,
ಎರಡನೇ ಸಲ ಜೋರಾಗಿ.

ಖಲ್ಫಾನ್ ಬೈಯಲಿಲ್ಲ.
ಹುಟ್ಟು ತಿರುಗಿಸಿದ. ದೋಣಿ ದಡಕ್ಕೆ ಬಂತು.
'ಅವನ ಹೊಲದಲ್ಲಿ ನಿಂತು
ಅವನದೇ ದನಿಯಲ್ಲಿ ಬಾ ಅಂದರೆ
ಜಗಳಕ್ಕೆ ಬರುತ್ತಾನೆ, ನಿಮ್ಮ ನೋಡಲಿಕ್ಕಲ್ಲ.
ಮರಿಗಳ ಹೊಟ್ಟೆಗೆ ಆಗ ಯಾರು?'

ದುಡ್ಡು ವಾಪಸು ಕೇಳಿದರು.
ಎಣಿಸಿ ಕೊಟ್ಟ, ಒದ್ದೆ ನೋಟು.
ಅವರು ಎದುರಿನ ಹೋಟೆಲಿಗೆ ಹೋದರು, ಪರಾಠ ತಿನ್ನಲು.
ನಾನು ವ್ಯಾನಿನ ಗಾಜು ಒರೆಸುತ್ತಿದ್ದೆ.

'ಹುಸೇನ್, ತಾಲ್.'
ನನ್ನನ್ನೇ.
ಈಜು ಬರುತ್ತಾ ಅಂದ. ಕಾಲುವೇಲಿ, ಅಂದೆ.
ನಕ್ಕು ಮುಂದೆ ಕೂರಿಸಿಕೊಂಡ.
ಒಳಗೆ ಹೋದಂತೆ ನೆರಳಿಗೆ ಒಂದು ತಂಪು ವಾಸನೆ,
ಮೀನಿಂದಲ್ಲ, ಕೊಳೆತದ್ದೂ ಅಲ್ಲ.
'ಕಣ್ಣು ಮುಚ್ಚು. ಗದ್ದಲ ಬಿಡಿಸಿಕೋ,
ಸಿಕ್ಕು ಬಿದ್ದ ಬಲೆ ಬಿಡಿಸಿದಂಗೆ.'

ಮೊದಲು ರಸ್ತೆಯ ಲಾರಿ. ಅದನ್ನು ತೆಗೆದಿಟ್ಟೆ.
ಹುಟ್ಟಿನ ತುದಿಯ ಹನಿ. ಅದನ್ನೂ.
ಏಡಿ ಕೆಸರು ಗೀರುವುದು.
ಆಮೇಲೆ ನೀರು:
ನನಗೆ ಗೊತ್ತಿದ್ದ ನೀರು!
ಊರಲ್ಲಿ ನಮ್ಮ ಸರದಿ ಬಂತೇನೋ ಅಂತ
ಕಾಲುವೆ ಏರಿ ಮೇಲೆ ಕಿವಿ ಹಚ್ಚಿ
ಎಷ್ಟು ರಾತ್ರಿ ಮಲಗಿಲ್ಲ ನಾನು,
ಕತ್ತಲಲ್ಲಿ ನೀರು ಹೊರಳುವುದು
ಮಾರು ದೂರಕ್ಕೇ ತಿಳಿಯುತ್ತಿತ್ತು.
ಇಲ್ಲಿ ಬಂದು ಆ ಕಿವಿಗೆ
ಹಾರ್ನು ತುಂಬಿದ್ದೆ ಅಷ್ಟೇ.

ನೀರಿನ ಆಚೆ, ಸಣ್ಣಗೆ, ಒಂದು 'ಕೆಕ್'.
ನಾನು ಬೆರಳು ತೋರಿಸಿದೆ, ಕಣ್ಣು ಮುಚ್ಚಿಯೇ.
ಖಲ್ಫಾನ್ ನನ್ನ ಬೆರಳನ್ನು ಹಿಡಿದು
ಒಂದು ಗೇಣು ಎಡಕ್ಕೆ ಸರಿಸಿದ.
'ಈಗ ತೆರೆ.'

ಅದು ಕೂತಿತ್ತು. ಅಷ್ಟೇ ಹೇಳಬಲ್ಲೆ.

ನಿಮ್ಮಲ್ಲಿ ಏನಂತಾರೆ ಅಂದ.
ಇದಲ್ಲ, ಇದರ ಅಣ್ಣತಮ್ಮಂದಿರಿಗೆ, ಮಿಂಚುಳ್ಳಿ.
ಮಿಂಜುಲ್ಲಿ, ಅಂದ. ಇನ್ನೊಮ್ಮೆ ಅಂದ,
ಎಲೆ ನೆಕ್ಕಿದ ಹಾಗೆ.

ಆ ರಾತ್ರಿ ರೂಮಿನಲ್ಲಿ ಎಂಟು ಮಂಚ, ಒಂದು ಏಸಿ.
ಕಣ್ಣು ಮುಚ್ಚಿ ಬಿಡಿಸಿಕೊಂಡೆ:
ಏಸಿಯನ್ನು ತೆಗೆದಿಟ್ಟೆ.
ಮೇಲಿನ ಮಂಚದಲ್ಲಿ ಸುಲೈಮಾನನ ಗೊರಕೆ,
ಬಾಗಿಲ ಹತ್ತಿರ ತಂಗರಾಸುವಿನ ಕೆಮ್ಮು,
ದಿಲ್ ಬಹಾದೂರ್ ನಿದ್ದೆಯಲ್ಲೂ ಲೆಕ್ಕ ಹಾಕುತ್ತಾನೆ.
ಆರು, ಏಳು.
ಒಂದು ದನಿ ಮಾತ್ರ ಗುರುತಾಗಲಿಲ್ಲ.
ಮೊನ್ನೆ ಬಂದವನು, ಮೀಸೆ ಸರಿಯಾಗಿ ಬಂದಿಲ್ಲ,
ಹೊದಿಕೆಯೊಳಗೆ ಮೂಗು ಎಳೆಯುತ್ತಿದ್ದ.

ಏನಾಯ್ತೋ ಅನ್ನಲು ಬಾಯಿ ತೆರೆದೆ,
ಮುಚ್ಚಿದೆ.
ಎದ್ದು ಲೈಟು ಹಾಕದೆ
ನೀರಿನ ಬಾಟಲಿಯನ್ನು ಅವನ ಕೈಗೆಟಕುವಲ್ಲಿ ಇಟ್ಟು
ಬಂದು ಮಲಗಿ
ಕಾದೆ.