ಮಂಗಳವಾರದ ಗಂಟು

ವುಚ್ ಅಂದರೆ ಪೋಲಿಷ್ ಮಾತಿನಲ್ಲಿ ದೋಣಿ.
ಊರಿಗೆ ಅದೇ ಹೆಸರು, ನೋಡಿದರೆ ನೆಟ್ಟಗೊಂದು ನದಿಯಿಲ್ಲ.
ಲಾಳಿಗೂ ನಾವು ಪುಟ್ಟ ದೋಣಿ ಅಂತಲೇ ಅನ್ನುವುದು.
ಮೂವತ್ತೊಂದು ವರ್ಷ, ಗಿರಣಿಯ ಮೂರನೇ ಮಾಳಿಗೆಯಲ್ಲಿ,
ಹಾಸಿನ ನಡುವೆ ನಾನು ದಾಟಿಸಿದ ದೋಣಿಗಳಿಗೆ ಲೆಕ್ಕವಿಲ್ಲ.
ಇದನ್ನು ಹೋದ ವಾರವೂ ಹೇಳಿದೆನೇನೋ.
ಹೇಳಿದ್ದರೆ ಇನ್ನೊಮ್ಮೆ ಕೇಳಿಸಿಕೊಳ್ಳಿ ತಾಯಿ,
ಅದಕ್ಕೇ ತಾನೆ ನಿಮಗೆ ಸಂಬಳ.
ನಿಮ್ಮ ಹೆಸರು ಕೊ ಅಂತ ಶುರು. ಕೊ...
ಇರಲಿ. ಹಸಿರು ಸ್ವೆಟರು. ಅಷ್ಟು ಸಾಕು.

ಮಾತಾಡಿ, ಅನ್ನುತ್ತೀರಿ.
ಮಗ್ಗಗಳ ಆರ್ಭಟದಲ್ಲಿ ಮಾತು ಕಿವಿಗಲ್ಲ, ಕಣ್ಣಿಗೆ.
ಎದುರು ಮಗ್ಗದ ಹೆಲ್ಯಾ ಬರೀ ತುಟಿಯಲ್ಲೇ
ಮದುವೆಯಾದಳು, ಮದುವೆ ಮುರಿದಳು,
ಮೇಸ್ತ್ರಿಯ ಅಜ್ಜಿಯವರೆಗೂ ಹೋಗಿ ಬೈದಳು.
ನಗುತ್ತ ನಗುತ್ತ ನಾನೊಂದು ಎಳೆ ತಪ್ಪಲಿಲ್ಲ.
ಏಪ್ರಿಲಿನಲ್ಲಿ ಅವಳನ್ನು ಮಣ್ಣಿಗಿಟ್ಟೆವು.
ಅಂದಿನಿಂದ ನನಗೆ ಕಣ್ಣು ಕಿವುಡು.

ಡಾಕ್ಟರು ಗಡಿಯಾರ ಬರೆಸಿದರು.
ಅಂಕಿಗಳೆಲ್ಲ ಬಲಗಡೆಗೇ ನುಗ್ಗಿದವು,
ಪಾಳಿ ಬಿಟ್ಟಾಗ ಗೇಟಿನಲ್ಲಿ ಹೆಂಗಸರು ನುಗ್ಗುವ ಹಾಗೆ.
ಮರೆವು ಸೌಮ್ಯ, ಅಂದರು.
ಸೌಮ್ಯವಂತೆ!
ನಮ್ಮಲ್ಲೂ ಒಬ್ಬ ಸೌಮ್ಯ ಮೇಸ್ತ್ರಿಯಿದ್ದ,
ಸಂಬಳ ಹಿಡಿಯುವಾಗಲೂ ನಗುತ್ತಿದ್ದ.
ದುಃಖಕ್ಕೆ ಬೇರೇನೋ ಹೆಸರು ಬರೆದುಕೊಟ್ಟರು,
ಆ ಚೀಟಿ ಕಳೆದಿದೆ. ದುಃಖ ಕಳೆದಿಲ್ಲ.

ಯಾವುದು ಎಲ್ಲಕ್ಕಿಂತ ಭಾರ, ಕೇಳಿದಿರಿ.
ಎಲ್ಲವೂ, ಅಂದೆ.
ಒಂದನ್ನೇ ಎತ್ತಿ ಕೊಡಿ, ಅಂದಿರಿ.
ಎರಡು ಮಂಗಳವಾರ ಹುಡುಕಿದ ಮೇಲೆ ಸಿಕ್ಕಿದ್ದು ಟ್ರಾಮು.
ಜೂನಿನಲ್ಲಿ ತಪ್ಪಿ ಎಲ್ಲೋ ಇಳಿದಿದ್ದೆ,
ದೀಪ ಮಾರುವ ಅಂಗಡಿಯ ಮುಂದೆ.
ಅಷ್ಟೂ ದೀಪ ಉರಿಯುತ್ತಿದ್ದವು,
ನನ್ನ ಬೀದಿಯ ಹೆಸರು ಮಾತ್ರ ಕತ್ತಲು.
ಆಮೇಲೆ ಹೊಸ್ತಿಲು ದಾಟಿಲ್ಲ. ಪರದೆ ಸರಿಸಿಲ್ಲ.
ಸರಿ, ಅಂದಿರಿ ನೀವು, ಮೊದಲು ಟ್ರಾಮು ಹಿಡಿಯೋಣ.

ಹಳದಿ ಚೀಟಿ ಕೊಟ್ಟಿರಿ, ಕೋಟಿನ ಜೇಬಿಗೆ.
ಕೋಟು ಒಗೆದೆ, ಚೀಟಿ ಗಂಜಿಯಾಯಿತು.
ನೀವು ಬೈಯಲಿಲ್ಲ. ಅದೇ ಬೇಜಾರು ನನಗೆ.
ಎಳೆ ಕಡಿದರೆ ಗಿರಣಿಯಲ್ಲಿ ಏನು ಮಾಡುತ್ತಿದ್ದಿರಿ,
ಅಂತ ಮಾತ್ರ ಕೇಳಿದಿರಿ.
ಅಯ್ಯೋ, ಅದೇನು ಮಹಾ!
ಮಗ್ಗ ನಿಲ್ಲಿಸಬೇಕು. ಎರಡೂ ತುದಿ ಹುಡುಕಬೇಕು.
ಉಗುಳು ಹಚ್ಚಿ ಗಂಟು ಹಾಕಬೇಕು,
ಕೊಳ್ಳುವವನ ಬೆರಳಿಗೆ ತಿಳಿಯದಷ್ಟು ಸಣ್ಣದು.
ಯಾಕೆ ಕಡಿಯಿತು ಅಂತ ಅಳುತ್ತ ಕೂತರೆ ಪಾಳಿ ಮುಗಿಯುತ್ತದೆ.
ಹೇಳುತ್ತಿದ್ದ ಹಾಗೇ ನನ್ನ ಬಾಯಿ ನಿಂತಿತು.
ನೀವು ಕಿಟಕಿ ನೋಡುತ್ತಿದ್ದಿರಿ, ಗೊತ್ತಿಲ್ಲದವರ ಹಾಗೆ.
ಕಳ್ಳಿ.

ಈಗ ಕೋಟಿನ ಅಸ್ತರಿನಲ್ಲಿ ಕೆಂಪು ದಾರದ ಆರು ಗಂಟು.
ನಿಲ್ದಾಣಕ್ಕೊಂದು. ಹೆಬ್ಬೆರಳು ಸವರುತ್ತ ಬರುತ್ತೇನೆ.
ಒಗೆದರೂ ಹೋಗುವುದಿಲ್ಲ.
ಮಂಗಳವಾರ ಮೂರಕ್ಕೆ ಕೆಳಮನೆಯ ಲುಚಿನಾ ಫೋನು ಮಾಡುತ್ತಾಳೆ,
ಗೆನೊವೆಫಾ, ಕೋಟು!
ಅಷ್ಟೇ ಅಂದು ಇಟ್ಟುಬಿಡುತ್ತಾಳೆ, ಜಿಪುಣಿ.

ನಿನ್ನೆ ಹಾಸಿಗೆ ಬಿಟ್ಟು ಏಳಲಿಲ್ಲ. ಅದನ್ನೂ ಬರೆದುಕೊಳ್ಳಿ.
ಮೊನ್ನೆ ಹೆಲ್ಯಾಳ ಮುಖ ಬಂತು, ತುಟಿ ಬರಲಿಲ್ಲ.
ಇವತ್ತು ಐದನೇ ಗಂಟಿಗೇ ಇಳಿದೆ. ಒಂದು ತಪ್ಪಿತು.
ಉಳಿದದ್ದು ನಡೆದೆ.
ಗಾಜಿನ ಬಾಗಿಲಾಚೆ ನೀವು ಯಾರಿಗೋ ಏನೋ ಅನ್ನುತ್ತಿದ್ದಿರಿ,
ಒಂದು ಸದ್ದೂ ಹೊರಗೆ ಬರುವಂತಿಲ್ಲ.
ನಾನು ಓದಿದೆ:
ಬಂದೇ ಬರುತ್ತಾರೆ, ಇನ್ನೈದು ನಿಮಿಷ ನೋಡೋಣ.

ಬಂದೆ, ಅಂದೆ ನಾನೂ, ಬರೀ ತುಟಿಯಲ್ಲಿ.
ನಿಮಗೆ ಕೇಳಿಸಲಿಲ್ಲ.
ಇರಲಿ. ಕಲಿಸುತ್ತೇನೆ.