ಬೆಕ್ಕಿನ ಕೆಳಗಿನ ಹೆಸರು

ಮೂಲಕಥೆಯಲ್ಲಿ ನೀನು ಸತ್ತಿದ್ದೀ, ಓಹಿಸಾ,
ಹತ್ತೊಂಬತ್ತನೇ ಕಂತಿನಲ್ಲಿ, ಉತ್ತರದ ಬಾಗಿಲಲ್ಲಿ,
ನಿಂತುಕೊಂಡೇ.
ಹಿಮ ನಿನ್ನ ಹುಬ್ಬಿನ ಮೇಲೆ ಕೂತು
ಕರಗುವುದನ್ನು ಮರೆತಿತ್ತು.
ಕಬ್ಬಿಣದ ಗದೆ ನೆಲಕ್ಕೂರಿ, ಮುನ್ನೂರು ಮಂದಿಯನ್ನು ತಡೆದು
ಬೆನ್ನ ಹಿಂದಿನ ಹುಡುಗನಿಗೆ "ಓಡು" ಅಂದೆ.
ಅಷ್ಟೇ ನಿನ್ನ ಪಾಲು. ನಲವತ್ತು ಸೆಕೆಂಡು.

ಇದು ಉಪಕಥೆ. ಇಲ್ಲಿ ಯಾರೂ ಸಾಯುವಂತಿಲ್ಲ,
ನಿರ್ಮಾಪಕರ ಕಟ್ಟಪ್ಪಣೆ.
ಕಂತಿಗೆ ಐದೇ ನಿಮಿಷ. ಎಲ್ಲರ ತಲೆಯೂ ಕುಂಬಳಕಾಯಿ,
ಮೈ ಅದರ ತೊಟ್ಟು.
ಕೋಟೆ ಈಗ ಶಾಲೆ, ಗದೆ ಈಗ ಸೌಟು,
ನಿನಗೆ ಊಟದ ಮನೆಯ ಉಸ್ತುವಾರಿ.
ನೀನು ಪ್ರಾಣ ಕೊಟ್ಟು ಉಳಿಸಿದ ಆ ಹುಡುಗ
ಅನ್ನದಡಿ ಗಜ್ಜರಿ ಬಚ್ಚಿಡುತ್ತಾನೆ.
ನಿನ್ನ ಎದೆಗೆ ಈಟಿ ಇಳಿಸಿದವನು
ತಟ್ಟೆ ಹಿಡಿದು ಸಾಲಿಗೆ ಬಂದಿದ್ದಾನೆ, ಮೂರನೇ ಸಲ.
ನೀನು ನೋಡುತ್ತೀ.
ಬರಿ ನೋಡುತ್ತೀ. ಇಡೀ ಸಾಲಿನ ಬೆನ್ನು ನೆಟ್ಟಗಾಗುತ್ತದೆ.
ಆಮೇಲೆ ಬಡಿಸುತ್ತೀ,
ತಳದಿಂದ ಕೆದಕಿ, ದೊಡ್ಡ ಹೋಳು ಬರುವ ಹಾಗೆ.

ನಿನ್ನ ದನಿ ನುಕಾಗಾ ಮಿತ್ಸುಎ ಅವರದು. ಅರವತ್ಮೂರು.
ಓಮಿಯಾದಿಂದ ರೈಲಿನಲ್ಲಿ ಬರುತ್ತಾರೆ,
ಸರಪರ ಅನ್ನದ ಹತ್ತಿ ಅಂಗಿ ತೊಟ್ಟು, ಬಳೆ ಗಿಳೆ ಇಲ್ಲದೆ.
ಯೊಯೋಗಿಯ ನೆಲಮಾಳಿಗೆಯಲ್ಲಿ ನಾನು ಮೈಕಿನ ಹುಡುಗ.
ಉದ್ದದವರಿಗೆ ಎತ್ತರಿಸಿ, ಕುಳ್ಳರಿಗೆ ಇಳಿಸಿ,
ಅವರಿಗೆ ಮಾತ್ರ ಒಂದು ಗೇಣು ಹಿಂದಕ್ಕೆ:
ಪಿಸುಗುಟ್ಟಿದರೂ ಮುಳ್ಳು ಕೆಂಪಿಗೆ ಹಾರುತ್ತದೆ.

ಸ್ಕ್ರಿಪ್ಟಿನಲ್ಲಿ ಇದ್ದದ್ದು "ಊಟ ಆಯಿತಾ?"
ಪಕ್ಕದಲ್ಲಿ ಪೆನ್ಸಿಲ್ಲಿನಲ್ಲಿ: ಅಕ್ಕರೆಯಿಂದ, ಆದರೆ ನಡುಗಬೇಕು.
ಎರಡೂ ಒಟ್ಟಿಗೆ ಹೇಗೆ, ಕೇಳಿದೆ, ಕಾಫಿ ಯಂತ್ರದ ಬಳಿ.
ಹೇಳಿದರು. ನಾಟಕದ ತಂಡ, ಇಪ್ಪತ್ತೆರಡರ ವಯಸ್ಸು,
ನಾಲ್ಕೂವರೆ ಚಾಪೆಯ ಕೋಣೆ, ಮೂರು ತಿಂಗಳ ಬಾಡಿಗೆ ಬಾಕಿ.
ಮನೆಯೊಡತಿ ಅಕಿತಾ ಕಡೆಯವಳು,
ಬಾಗಿಲು ತಟ್ಟಿದರೆ ಗೋಡೆಯ ಕ್ಯಾಲೆಂಡರ್ ಬೀಳುತ್ತಿತ್ತು.
ಬಿಸಿ ಮಿಸೋ ಸಾರು ಹೊಸ್ತಿಲ ಮೇಲೆ ಕುಕ್ಕಿ ಗದರಿದಳಂತೆ:
"ಬಾಡಿಗೆ ಆಮೇಲೆ ಕೊಡು. ಸಾಯೋದಿದ್ರೆ ಅದನ್ನೂ ಆಮೇಲೆ ಇಟ್ಕೋ.
ಮೊದಲು ಉಣ್ಣು."
ಅವಳ ಹೆಸರು? ನೆನಪಿಲ್ಲ ಅಂದರು.
ಸಾರಿನಲ್ಲಿ ಮೂಲಂಗಿ ಇತ್ತು ಅಂದರು.

ಏಳನೇ ಕಂತು. ಈಟಿಯವನ ದನಿ ಉಸುಯಿ, ಕಡ್ಡಿಯಂಥ ಹುಡುಗ,
ರಾತ್ರಿಯಿಡೀ ಪಾರ್ಸೆಲ್ ಗೋದಾಮಿನಲ್ಲಿ ದುಡಿದು ನೇರ ಬಂದಿದ್ದ.
ಕೆಂಪು ದೀಪ ಹತ್ತಿತು. ಅವನ ಹೊಟ್ಟೆ ತಾಳ ಹಾಕಿತು.
ಮತ್ತೊಮ್ಮೆ ಅಂದರು. ಮತ್ತೆ ತಾಳ.
ಮೂರನೇ ಸಲ ನಿರ್ದೇಶಕ ಹಾನ್ಯೂದಾ ಹಣೆ ಹಿಡಿದುಕೊಂಡರು.
ಆಗ ನೀನು ಬಂದೆ, ಓಹಿಸಾ,
ಯಾರೂ ಬರೆಯದ ಸಾಲಿನೊಳಗಿಂದ:
"ಯಾರದದು ಹೊಟ್ಟೆ?"

ಒಂಬತ್ತು ನಟರು ಗೋಡೆಗಂಟಿದರು.
ಗಾಜಿನ ಈಚೆ ನಾನು ಕೈ ಎತ್ತಿದೆ,
ಯಾಕೆಂದು ಇಂದಿಗೂ ಗೊತ್ತಿಲ್ಲ.
ಚೀಲದಿಂದ ಅನ್ನದುಂಡೆ ಬಂತು, ಒಳಗೆ ಉಪ್ಪು ಮೀನು,
ಸುತ್ತ ಗರಿಗರಿ ಕಡಲಪಾಚಿ ಹಾಳೆ.
ಉಸುಯಿ ತಿಂದ, ತಲೆ ತಗ್ಗಿಸಿ.
ಕೊನೆಯ ಅಗುಳಿನ ತನಕ ಅವರು ಕೈಕಟ್ಟಿ ಎದುರು ನಿಂತರು,
ಬಾಗಿಲು ಕಾಯುವವರ ಹಾಗೆ.

ಕೊನೆಯಲ್ಲಿ ಓಡುವ ಪಟ್ಟಿಯಲ್ಲಿ ನಿನ್ನ ಹೆಸರು ಬೆಕ್ಕಿನ ಕೆಳಗೆ.
ನೋಡಿ ನಕ್ಕರು: "ಬೆಕ್ಕಿಗೆ ಅಭಿಮಾನಿಗಳು ಜಾಸ್ತಿ ಕಣೋ."

ದೀಪ ಆರಿಸಲು ಮರೆತಿದ್ದೆ ಆ ಹೊತ್ತು.
ನಾಲ್ಕನೇ ನಿಮಿಷ, ಕುಂಬಳಕಾಯಿ ತಲೆಗಳೆಲ್ಲ ಊಟಕ್ಕೆ ಕೂತಾಗ
ಕಿವಿಗೊಟ್ಟರೆ ಒಂದು ಸಣ್ಣ ಚರಕ್,
ಪಾಚಿಹಾಳೆ ಮುರಿದದ್ದು.
ಅಳಿಸು ಅಂದಿದ್ದರು.
ಹೂಂ ಅಂದಿದ್ದೆ.